ಬಚ್ಚಲ ಹಂಡೆಯಿಂದ ಗೀಜರಿನವರೆಗೆ



ಬೆಳಗಿನ ಈ ಹೊತ್ತಿನಲ್ಲಿ ನೀವು ಈ ಮಾತನ್ನು ಕೇಳುತ್ತಿರುವಾಗ, ಬೈಲಹೊಂಗಲದ ಪೇಟೆಯಲ್ಲಾಗಲಿ, ಕಿತ್ತೂರ ಕೋಟೆಯ ಮಗ್ಗುಲಿನ ಓಣಿಯಲ್ಲಾಗಲಿ, ಸವದತ್ತಿಯ ಗುಡ್ಡದ ಅಡಿಯಲ್ಲಾಗಲಿ, ರಾಮದುರ್ಗದ ಹೊಳೆಯ ದಂಡೆಯಲ್ಲಾಗಲಿ, ನಿಮ್ಮ ಮನೆಯ ಬಚ್ಚಲಲ್ಲಿ ನೀರು ಕಾಯುತ್ತಿರಬಹುದು. ಇಲ್ಲವೆ, ಗೋಡೆಯ ಮೇಲಿನ ಗೀಜರಿನ ಕೆಂಪು ದೀಪ ಉರಿಯುತ್ತಿದ್ದರೂ ನಳದಿಂದ ತಣ್ಣೀರೇ ಬರುತ್ತಿರಲಾಗಿ, ಮನೆಯೊಡತಿಯು 'ಮತ್ತ ಕಾಯಿಲ್ ಹೋತು ನೋಡ್ರಿ' ಎಂದು ಪಡಸಾಲೆಗೆ ಕೇಳುವಂತೆ ಕೂಗಿ ಹೇಳುತ್ತಿರಬಹುದು. ಆ 'ಮತ್ತ' ಎಂಬ ಒಂದು ಮಾತಿನ ಸಲುವಾಗಿಯೇ ನಾನು ಈ ಹೊತ್ತು ನಿಮ್ಮೆದುರು ಕುಳಿತಿದ್ದೇನೆ. ಒಮ್ಮೆ ಕೆಟ್ಟ ವಸ್ತುವನ್ನು ಸರಿಪಡಿಸುವುದು ಸಂಸಾರದ ಸಹಜಧರ್ಮ. ಆದರೆ ಸರಿಪಡಿಸಿದ ವಸ್ತು ಆರು ತಿಂಗಳಿಗೊಮ್ಮೆ ಅದೇ ರೀತಿಯಲ್ಲಿ ಕೆಡುತ್ತಿದ್ದರೆ, ನಾವು ಸರಿಪಡಿಸಿದ್ದಾದರೂ ಏನನ್ನು ಎಂದು ಕೇಳಿಕೊಳ್ಳಲೇಬೇಕಾಗುತ್ತದೆ.

ಹಿಮ ಬೀಳುವ ದೇಶಗಳಲ್ಲಿ ಮನೆಗೆ ಮನೆಯನ್ನೇ ಬೆಚ್ಚಗಿಡುವ ಯಂತ್ರಗಳುಂಟು. ನಮ್ಮ ಮಲಪ್ರಭೆಯ ಸೀಮೆಗೆ ಅಂಥದರ ಅಗತ್ಯವಿಲ್ಲ. ಮಾಗಿಯ ಚಳಿ ಹೊಲದ ಬದುವಿನಲ್ಲಿ ಜೋಳದ ಎಲೆಯ ಮೇಲೆ ಇಬ್ಬನಿಯಾಗಿ ಕೂತು, ಹೊತ್ತೇರಿದಂತೆ ಹೋಗಿಬಿಡುತ್ತದೆ. ನಮ್ಮ ಮನೆಗಳಲ್ಲಿ ಉಷ್ಣಕ್ಕೆ ಮೀಸಲಾದ ಸ್ಥಾನವೆಂದರೆ ಬಚ್ಚಲು. ಎರೆಹೊಲದಲ್ಲಿ ದುಡಿದು ಬಂದವನ ಮೈನೋವಿಗೆ, ಕೈಮಗ್ಗದ ಕುಣಿಯಲ್ಲಿ ಹಗಲೆಲ್ಲ ಕಾಲಿಳಿಬಿಟ್ಟು ಕುಳಿತ ರಾಮದುರ್ಗದ ನೇಕಾರನ ಮಂಡಿಯ ಬಿಗಿತಕ್ಕೆ, ಬಾಣಂತಿಗೆ ಎರೆಯಲಿಕ್ಕೆ, ಹಸುಳೆಯ ಎಣ್ಣೆನೀರಿಗೆ, ಮುಪ್ಪಿನವರ ನಸುಕಿನ ಸ್ನಾನಕ್ಕೆ ಬಿಸಿನೀರು ಬೇಕೇ ಬೇಕು. ಇದನ್ನು ವಿಲಾಸವೆಂದು ಬಗೆಯುವವರು ಬಾಣಂತಿಯ ಮನೆಯಲ್ಲಿ ಒಂದು ದಿನ ಬಚ್ಚಲೊಲೆ ಹೊತ್ತದೆ ಹೋದಾಗ ಆಗುವ ಕಳವಳವನ್ನು ಕಂಡವರಲ್ಲ.

ಕಿತ್ತೂರ ಕೋಟೆಯೊಳಗೆ ಹಾಳುಬಿದ್ದ ಅರಮನೆಯನ್ನು ನೀವು ನೋಡಿರಬಹುದು. 1824ರ ಅಕ್ಟೋಬರ 23ರಂದು ರಾಣಿ ಚೆನ್ನಮ್ಮಾಜಿಯ ಸೈನ್ಯವು ಕಂಪನಿ ಸರಕಾರದ ದಂಡನ್ನು ಹಿಮ್ಮೆಟ್ಟಿಸಿದ ಆ ಸ್ಥಳದಲ್ಲಿ, ಅಳಿದುಳಿದ ಗೋಡೆಗಳ ನಡುವೆ ಸ್ನಾನಗೃಹದ ಕುರುಹುಗಳೂ ಬಾವಿಯಿಂದ ನೀರನ್ನು ತರುತ್ತಿದ್ದ ಕೊಳವೆಗಳ ಗುರುತುಗಳೂ ಇವೆ. ಶೌರ್ಯದ ಕಥೆಯನ್ನು ಕೇಳಲು ಹೋದವರು ಈ ಕೊಳವೆಗಳ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಾನು ಹೋದಾಗಲೆಲ್ಲ ನಿಲ್ಲುತ್ತೇನೆ. ನೀರನ್ನು ಬಂದಂತೆ ಬಳಸದೆ, ಅದು ಬರುವ ದಾರಿಯನ್ನೂ ನಿಲ್ಲುವ ಠಾವನ್ನೂ ವಿಚಾರಿಸಿ ಮನೆ ಕಟ್ಟಿದ ಜನ ಇದೇ ನೆಲದಲ್ಲಿ ಬಾಳಿದರೆಂಬುದಕ್ಕೆ ಅವು ಸಾಕ್ಷಿಯಾಗಿವೆ.

ಅರಮನೆಯ ಮಾತು ಹಾಗಿರಲಿ; ಒಕ್ಕಲಿಗನ ಮನೆಯಲ್ಲಿಯೂ ಬಚ್ಚಲಿಗೊಂದು ವ್ಯವಸ್ಥೆಯಿತ್ತು. ಮಣ್ಣಿನ ಒಲೆಯಲ್ಲಿ ಕೊರಳವರೆಗೆ ಹೂತ ತಾಮ್ರದ ಹಂಡೆ. ಅದರಡಿಯಲ್ಲಿ ಹತ್ತಿಕಟ್ಟಿಗೆ, ಜೋಳದ ಕೂಳೆ, ಕುಳ್ಳು. ತುಸು ಅನುಕೂಲವುಳ್ಳವರ ಮನೆಯಲ್ಲಾದರೆ, ನಡುವೆ ಬೆಂಕಿಯ ಕೊಳವೆಯನ್ನೂ ಸುತ್ತ ನೀರನ್ನೂ ಹಿಡಿದು ನಿಂತ ತಾಮ್ರದ ಬಂಬು. ಇವು ಕೆಡುತ್ತಿರಲಿಲ್ಲವೆಂದಲ್ಲ. ಹಂಡೆಯ ತಳ ಸವೆದು ತೂತು ಬೀಳುತ್ತಿತ್ತು, ಬಂಬಿನ ನಳದ ಬೆಸುಗೆ ಬಿಡುತ್ತಿತ್ತು, ಸಂತೆಯ ದಿನ ಅದನ್ನು ಹೊತ್ತು ತಾಮ್ರಗೆಲಸದವರ ಬಳಿಗೆ ಒಯ್ಯಬೇಕಾಗುತ್ತಿತ್ತು. ಹೊಗೆಯಿಂದ ಹೆಂಗಸರ ಕಣ್ಣು ಕೆಂಪಾಗುತ್ತಿತ್ತೆಂಬುದನ್ನೂ ನಾನು ಮರೆಯಲಾರೆ; ಹಳೆಯದೆಲ್ಲವೂ ಹಿತವೆಂದು ಹೇಳಹೊರಟವನು ನಾನಲ್ಲ. ಆದರೆ ಆ ವ್ಯವಸ್ಥೆಯಲ್ಲಿ ಒಂದು ಗುಣವಿತ್ತು, ಅದನ್ನು ನಾವು ಗುಣವೆಂದು ಗುರುತಿಸದೆ ಕೇವಲ ಹಬ್ಬವೆಂದು ಭಾವಿಸಿದೆವು.

ದೀಪಾವಳಿಯ ಮೊದಲ ದಿನ, ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ, ನೀರು ತುಂಬುವ ಹಬ್ಬ. ಅಂದು ಹಂಡೆಯನ್ನು ಒಲೆಯಿಂದ ಎಬ್ಬಿಸಿ, ವರ್ಷವಿಡೀ ಕುಳಿತಿದ್ದ ನೀರಿನ ಶೇಷವನ್ನೆಲ್ಲ ಚೆಲ್ಲಿ, ಹುಣಸೆಹುಳಿಯನ್ನೂ ಬೂದಿಯನ್ನೂ ಹಚ್ಚಿ ಒಳಗೂ ಹೊರಗೂ ತಿಕ್ಕಿ ಬೆಳಗಿ, ಒಲೆಯನ್ನು ಸಾರಿಸಿ, ಹಂಡೆಯ ಕೊರಳಿಗೆ ಹಿಂಡಲಕಾಯಿಯ ಬಳ್ಳಿಯನ್ನು ಸುತ್ತಿ, ಸುಣ್ಣ ಕೆಮ್ಮಣ್ಣುಗಳ ಗೆರೆಯೆಳೆದು, ಹೊಸ ನೀರನ್ನು ತುಂಬಿ, ಪೂಜೆ ಮಾಡಿ, ಮರುದಿನ ನಸುಕಿನಲ್ಲಿ ಆ ನೀರಿನಿಂದಲೇ ನರಕಚತುರ್ದಶಿಯ ಅಭ್ಯಂಜನ. ನಮ್ಮ ಅಜ್ಜಿ ಹಂಡೆಯೊಳಕ್ಕೆ ತೋಳಿಳಿಬಿಟ್ಟು, ಉಗುರಿನಿಂದ ತಳವನ್ನು ಕೆರೆದು ನೋಡಿ, ಬಿಳಿಯ ಹಕ್ಕಳೆ ಇನ್ನೂ ಉಳಿದಿದೆಯೆಂದು ಸೊಸೆಯಂದಿರನ್ನು ಮರಳಿ ತಿಕ್ಕಲು ಹಚ್ಚುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದಂತಿದೆ. 'ಹಕ್ಕಳಿ ಇದ್ದರ ನೀರ ಕಾಯೂದಿಲ್ಲ, ಕಟ್ಟಿಗಿ ಸುಟ್ಟ ಸುಟ್ಟ ಸಾಯ್ತೀರಿ' ಎಂಬುದು ಅವಳ ಮಾತು. ಉಷ್ಣಶಾಸ್ತ್ರವನ್ನು ಓದದೆಯೇ ಆಕೆ ಉಷ್ಣಶಾಸ್ತ್ರದ ಒಂದು ಮುಖ್ಯ ವಿಷಯವನ್ನು ಹೇಳಿದ್ದಳು. ಮತ್ತು ಪಂಚಾಂಗವು ವರ್ಷಕ್ಕೊಮ್ಮೆ ತಪ್ಪದೆ ಅದನ್ನು ಮಾಡಿಸುತ್ತಿತ್ತು.

ಅನಂತರ ಕಾಲ ಬದಲಾಯಿತು. ಹೊಗೆಯಿಲ್ಲದ ಬಚ್ಚಲು ಬಂತು, ಗೋಡೆಗೆ ಬಿಳಿಯ ಗೀಜರು ಏರಿತು, ಮಾಳಿಗೆಯ ಮೇಲೆ ಸೌರ ಜಲತಾಪಕದ ಗಾಜಿನ ನಳಿಗೆಗಳು ಸಾಲಾಗಿ ನಿಂತವು. ಇವೆಲ್ಲ ನಿಜವಾದ ಸುಖಗಳು. ಆದರೆ ನೀರು ತುಂಬುವ ಹಬ್ಬದ ದಿನ ನಾವು ಈಗ ಮಾಡುವುದೇನೆಂದರೆ, ಗೀಜರಿನ ಹೊಟ್ಟೆಗೆ ಹೊರಗಿನಿಂದ ಕುಂಕುಮವಿಟ್ಟು ಕೈ ಮುಗಿಯುವುದು; ಒಳಗನ್ನು ತೊಳೆಯುವ ಮಾತೇ ನಿಂತುಹೋಯಿತು.

ನನ್ನ ಮನೆಯ ವೃತ್ತಾಂತವನ್ನೇ ಹೇಳುತ್ತೇನೆ. ಬೈಲಹೊಂಗಲದ ನಮ್ಮ ಮನೆಗೆ ಏಳು ಸಾವಿರ ರೂಪಾಯಿ ಕೊಟ್ಟು 15 ಲೀಟರಿನ ಗೀಜರೊಂದನ್ನು ತಂದೆವು. ಒಂದೂವರೆ ವರ್ಷಕ್ಕೆ ನೀರು ಕಾಯುವುದು ನಿಂತಿತು. ಮಿಸ್ತ್ರಿ ಬಂದು, ಕಾಯಿಲ್ ಸುಟ್ಟಿದೆಯೆಂದು ಹೊಸದನ್ನು ಹಾಕಿ 850 ರೂಪಾಯಿ ಪಡೆದ. ಎಂಟು ತಿಂಗಳಿಗೆ ಅದೂ ಸುಟ್ಟಿತು. ಈ ಸಲ ಉಷ್ಣನಿಯಂತ್ರಕವೂ ಹೋಗಿದೆಯೆಂದು 1400. ಮತ್ತೆ ಏಳು ತಿಂಗಳಿಗೆ ಕವಾಟದಿಂದ ಸೋರಿಕೆ, ಜೊತೆಗೆ ಇನ್ನೊಂದು ಕಾಯಿಲ್, 1250. ಹೀಗೆ ಮೂರು ವರ್ಷಗಳೊಳಗೆ ವಸ್ತುವಿನ ಅರ್ಧ ಬೆಲೆಯನ್ನು, ಎಂದರೆ ಮೂರು ಸಾವಿರದೈನೂರು ರೂಪಾಯಿಗಳನ್ನು, ಅದರ ರಿಪೇರಿಗೇ ತೆತ್ತೆವು. ಪ್ರತಿ ಸಲವೂ ಮನೆಯಲ್ಲಿ ಚರ್ಚೆಯಾದದ್ದು ಮಿಸ್ತ್ರಿ ಒಳ್ಳೆಯವನೋ ಕೆಟ್ಟವನೋ, ಕಂಪನಿ ಒಳ್ಳೆಯದೋ ಕೆಟ್ಟದ್ದೋ ಎಂಬುದರ ಸುತ್ತಲೇ. ನೀರಿನ ಮೇಲೆ ಯಾರೂ ಸಂಶಯಪಡಲಿಲ್ಲ. ನಾಲ್ಕನೆಯ ಸಲ ಬಂದವನು ವಯಸ್ಸಾದ ಮನುಷ್ಯ. ಆತ ಕಾಯಿಲನ್ನು ಕಳಚಿ ನನ್ನ ಅಂಗೈಯ ಮೇಲಿಟ್ಟು, 'ಇದು ಕಾಯಿಲ್ ಅಲ್ರಿ, ಗೋಡಿ ಐತಿ' ಎಂದ. ಬೆರಳು ಗಾತ್ರದ ಲೋಹದ ಸುರುಳಿಯ ಮೇಲೆ ಅದಕ್ಕಿಂತ ದಪ್ಪವಾಗಿ ಸುಣ್ಣದ ಕವಚ ಬೆಳೆದು ಕಲ್ಲಾಗಿ ನಿಂತಿತ್ತು. ತೊಟ್ಟಿಯನ್ನು ಬಗ್ಗಿಸಿದಾಗ ಒಂದು ಬೋಗುಣಿಯಷ್ಟು ಬಿಳಿಯ ಹರಳು ಉದುರಿತು.

ಆ ಹರಳು ಎಲ್ಲಿಂದ ಬಂತು? ಮಳೆಯ ನೀರು ನೆಲಕ್ಕಿಳಿಯುವಾಗ ಗಾಳಿಯಲ್ಲಿಯೂ ಮಣ್ಣಿನಲ್ಲಿಯೂ ಇರುವ ಇಂಗಾಲಾಮ್ಲವನ್ನು ಹೀರಿಕೊಂಡು, ತುಸು ಹುಳಿಯಾಗಿ, ದಾರಿಯಲ್ಲಿ ಸಿಕ್ಕ ಸುಣ್ಣದ ಕಲ್ಲನ್ನೂ ಮೆಗ್ನೀಸಿಯಂ ಲವಣಗಳನ್ನೂ ಕರಗಿಸಿಕೊಂಡು ಆಳಕ್ಕೆ ಹೋಗುತ್ತದೆ. ನಮ್ಮ ಪೂರ್ವಭಾಗದ ನೆಲವಾದರೋ, ಸವದತ್ತಿಯ ಮರಳುಗಲ್ಲಿನ ಗುಡ್ಡಗಳಿಂದ ಮೊದಲುಗೊಂಡು ರಾಮದುರ್ಗವನ್ನು ದಾಟಿ ಲೋಕಾಪುರ ಬಾಗಲಕೋಟೆಗಳವರೆಗೆ ಹಬ್ಬಿದ, ಭೂಶಾಸ್ತ್ರಜ್ಞರು ಕಲಾದಗಿ ಶಿಲಾಸ್ತರವೆಂದು ಕರೆಯುವ ಪ್ರದೇಶ. ಅದರಲ್ಲಿ ಸುಣ್ಣಕಲ್ಲಿನ ಪದರಗಳು ಧಾರಾಳವಾಗಿವೆ. ಬೈಲಹೊಂಗಲದ ಎರೆಮಣ್ಣನ್ನು ಅಗೆದವರೆಲ್ಲರೂ ಅದರೊಳಗಿನ ಸುಣ್ಣದ ಹರಳುಗಳನ್ನು ಬಲ್ಲರು. ಮಲಪ್ರಭೆಯ ನೀರು ನಳದಲ್ಲಿ ಬಂದ ದಿನ ಬೇಳೆ ಬೇಗ ಬೇಯುತ್ತದೆ, ಸಬಕಾರ ನೊರೆಗೊಡುತ್ತದೆ. ಅದು ಬಾರದ ದಿನ ಕೊಳವೆಬಾವಿಯ ನೀರು ಹಿಡಿದರೆ ಬೇಳೆ ಬೇಯದು, ಸಬಕಾರ ಕರಗಿಯೂ ನೊರೆಯಾಗದು. ಈ ವ್ಯತ್ಯಾಸವನ್ನು ಅಡಿಗೆಮನೆಯಲ್ಲಿ ನಿತ್ಯವೂ ಕಾಣುವ ನಾವು ಬಚ್ಚಲಲ್ಲಿ ಅದನ್ನು ಮರೆಯುತ್ತೇವೆ.

ಹೀಗೆ ಕರಗಿದ ಸುಣ್ಣ ತಣ್ಣೀರಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ನೀರನ್ನು ಕಾಯಿಸಿದಾಗ ಇಂಗಾಲಾಮ್ಲವು ಹಾರಿಹೋಗಿ, ಸುಣ್ಣವು ಮರಳಿ ಕಲ್ಲಾಗಿ, ಎಲ್ಲಿ ಉಷ್ಣ ಅಧಿಕವೋ ಅಲ್ಲಿಯೇ ಮೊದಲು ಹತ್ತಿಕೊಳ್ಳುತ್ತದೆ. ಗೀಜರಿನಲ್ಲಿ ಆ ಸ್ಥಳ ಯಾವುದೆಂದರೆ ಕಾಯಿಲ್. ಸುಣ್ಣದ ಪದರವು ಉಷ್ಣವನ್ನು ನೀರಿಗೆ ಬಿಟ್ಟುಕೊಡದು. ಒಳಗಿನ ತಂತಿ ತನ್ನ ಉಷ್ಣದಲ್ಲಿ ತಾನೇ ಬೆಂದು, ಮೇಲಿನ ಲೋಹದ ಹೊದಿಕೆ ಬಿರಿದು, ಕೊನೆಗೆ ಕಡಿದುಹೋಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನ ಉತ್ತಮ. ಬೇರೆ ನೀರೇ ಸಿಗದಿದ್ದಲ್ಲಿ 600ರವರೆಗೆ ಸಹ್ಯ. ನಿಮ್ಮ ಕೊಳವೆಬಾವಿಯ ನೀರಿನಲ್ಲಿ 500 ಇದೆಯೆಂದು ಹಿಡಿಯಿರಿ. ದಿನಕ್ಕೆ ನೂರು ಲೀಟರು ಕಾಯಿಸುವ ಮನೆಯಲ್ಲಿ ದಿನಕ್ಕೆ 50 ಗ್ರಾಂ, ವರ್ಷಕ್ಕೆ 18 ಕಿಲೋದಷ್ಟು ಸುಣ್ಣ ಮೆಗ್ನೀಸಿಯಂಗಳು ಆ ಯಂತ್ರದ ಮೂಲಕ ಹಾದುಹೋಗುತ್ತವೆ. ಅದರಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಒಳಗೆ ನಿಂತಿತೆಂದರೂ ವರ್ಷಕ್ಕೆ ಎರಡು ಕಿಲೋದ ಸಮೀಪ ಕಲ್ಲು. ಇಷ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡ ಯಂತ್ರಕ್ಕೆ ಬರಿಯ ಹೊಸ ಕಾಯಿಲ್ ಹಾಕುವುದೆಂದರೆ, ಗೆದ್ದಲು ಹಿಡಿದ ತೊಲೆಗೆ ಬಣ್ಣ ಬಳಿದಂತೆ.

ಉಗಿಬಂಡಿಗಳ ಕಾಲದ ರೈಲ್ವೆಯವರಿಗೆ ಈ ಸಂಗತಿ ಚೆನ್ನಾಗಿ ತಿಳಿದಿತ್ತು. ನಿಯತಕಾಲಕ್ಕೆ ಬೆಂಕಿಯನ್ನಾರಿಸಿ, ಬಾಯ್ಲರಿನ ಬಿರಡೆಗಳನ್ನು ಬಿಚ್ಚಿ, ಒಳಗಿನ ಕೆಸರನ್ನೂ ಸುಣ್ಣವನ್ನೂ ತೊಳೆದ ಹೊರತು ಬಂಡಿಯನ್ನು ಅವರು ಮತ್ತೆ ಹಳಿಗೆ ಬಿಡುತ್ತಿರಲಿಲ್ಲ. ಬಂಡಿ ಕೆಟ್ಟು ನಿಲ್ಲುವವರೆಗೆ ಕಾಯುವುದು ಅವರ ರೀತಿಯಾಗಿರಲಿಲ್ಲ.

ದೂರದ ದೇಶದ ಒಂದು ಮಾತನ್ನೂ ಇಲ್ಲಿ ಹೇಳುವುದು ಉಚಿತ. ನಮ್ಮ ಆಪ್ತರೊಬ್ಬರ ಮಗಳು ಇಂಗ್ಲೆಂಡಿನಲ್ಲಿ ನೆಲೆಸಿದ್ದಾಳೆ. ಅಲ್ಲಿ ಒಂದೇ ಬಾಯ್ಲರಿನಿಂದ ಕೊಳವೆಗಳ ಮೂಲಕ ಬಿಸಿನೀರು ಮನೆಯ ಕೋಣೆಕೋಣೆಯ ಲೋಹದ ಫಲಕಗಳೊಳಗೆ ತಿರುಗುತ್ತ ಇಡೀ ಮನೆಯನ್ನು ಬೆಚ್ಚಗಿಡುತ್ತದೆ. ಚಳಿಗಾಲದ ನಡುವೆ ಆ ಫಲಕಗಳು ಮೇಲೆ ಬಿಸಿಯಾಗಿ ಕೆಳಗೆ ತಣ್ಣಗಾಗತೊಡಗಿದವಂತೆ. ಕೆಲಸಗಾರ ಬಂದು ನೀರು ತಳ್ಳುವ ಪಂಪನ್ನು ಬದಲಿಸಿದ. ಎರಡು ತಿಂಗಳಿಗೆ ಮತ್ತೆ ಅದೇ ಅವಸ್ಥೆ. ಮತ್ತೊಬ್ಬ ಬಂದು ಇನ್ನೊಂದು ಭಾಗವನ್ನು ಬದಲಿಸಿದ. ಕೊನೆಗೆ ಗೊತ್ತಾದುದೇನೆಂದರೆ, ಕಬ್ಬಿಣದ ಫಲಕಗಳು ಒಳಗಿನಿಂದ ತುಕ್ಕು ಹಿಡಿದು, ಆ ಕಪ್ಪು ರಾಡಿ ತಳದಲ್ಲಿ ನಿಂತು ನೀರಿನ ದಾರಿಯನ್ನು ಕಟ್ಟಿತ್ತು. ವ್ಯವಸ್ಥೆಯನ್ನೆಲ್ಲ ತೊಳೆದು, ತುಕ್ಕುನಿರೋಧಕ ದ್ರವವನ್ನು ಬೆರೆಸಿದ ಮೇಲೆ ಮನೆ ಬೆಚ್ಚಗಾಯಿತು. ಆಕೆ ಈ ಸಂಗತಿಯನ್ನು ದೂರವಾಣಿಯಲ್ಲಿ ಹೇಳುತ್ತಿದ್ದಾಗ, ನನ್ನ ಮೇಜಿನ ಮೇಲೆ ಆ ಸುಣ್ಣಗಟ್ಟಿದ ಕಾಯಿಲ್ ಇತ್ತು. ಲಂಡನ್ ನಗರದ ನೀರೂ ಸುಣ್ಣದ ನೆಲದಿಂದ ಬರುವ ಗಡಸು ನೀರೇ. ಅಲ್ಲಿಯ ಗೃಹಿಣಿಯರೂ ಕೆಟಲಿನ ತಳದ ಹಕ್ಕಳೆಯನ್ನು ಹುಳಿ ಹಾಕಿ ತೆಗೆಯುತ್ತಾರೆ. ಆ ದೇಶದಲ್ಲಿ ಬಾಡಿಗೆಯ ಮನೆಯ ಅನಿಲ ಉಪಕರಣಗಳನ್ನು ವರ್ಷಕ್ಕೊಮ್ಮೆ ನೋಂದಾಯಿತ ಕುಶಲಿಯಿಂದ ಪರೀಕ್ಷೆ ಮಾಡಿಸುವುದು ಮನೆಯ ಮಾಲಿಕನಿಗೆ ಕಾನೂನಿನ ಕಟ್ಟಳೆ. ಅವರಿಗೆ ಕಾನೂನು ಹೇಳುವುದನ್ನು ನಮಗೆ ತ್ರಯೋದಶಿ ಹೇಳುತ್ತಿತ್ತು.

ಸೌರ ಜಲತಾಪಕದ ಬಗೆಗೆ ಎರಡು ಮಾತು. ತಾಮ್ರದ ಸಣ್ಣ ಕೊಳವೆಗಳುಳ್ಳ ಚಪ್ಪಟೆಯ ಫಲಕದಲ್ಲಿ ಗಡಸು ನೀರು ಹರಿದರೆ ಕೊಳವೆಗಳು ಬೇಗ ಕಟ್ಟಿಕೊಳ್ಳುತ್ತವೆ. ಆದುದರಿಂದ ಕೊಳವೆಬಾವಿಯ ನೀರೇ ಗತಿಯಾದವರು ಗಾಜಿನ ನಳಿಗೆಗಳ ಯಂತ್ರವನ್ನು ಕೊಳ್ಳುವುದು ಲೇಸು. ಅದರಲ್ಲಿಯೂ ಸುಣ್ಣದ ರಾಡಿ ನಳಿಗೆಯ ತುದಿಯಲ್ಲಿ ಶೇಖರವಾಗುತ್ತದೆ, ಆದರೆ ಬಿಚ್ಚಿ ತೊಳೆಯುವುದು ಸುಲಭ. ಇನ್ನೊಂದು ಅಪಾಯ ನಮ್ಮ ಊರುಗಳಿಗೆ ವಿಶೇಷವಾದುದು: ನಳದ ನೀರು ದಿನಗಟ್ಟಲೆ ಬಾರದೆ ಮೇಲಿನ ತೊಟ್ಟಿ ಬರಿದಾಗಿ, ನಳಿಗೆಗಳು ಬಿಸಿಲಿನಲ್ಲಿ ಒಣಗಿ ಕಾದಿರುವಾಗ, ನಡುಹಗಲಿನಲ್ಲಿ ನೀರು ಬಂತೆಂದು ಒಮ್ಮೆಲೇ ತಣ್ಣೀರನ್ನು ಬಿಟ್ಟರೆ ಗಾಜು ಸಿಡಿದುಹೋಗುತ್ತದೆ. ತೊಟ್ಟಿ ಬರಿದಾಗಿದ್ದರೆ ಹೊತ್ತು ಮುಳುಗಿ ನಳಿಗೆ ಆರಿದ ಮೇಲೆ, ಇಲ್ಲವೆ ಸೂರ್ಯೋದಯಕ್ಕೆ ಮುನ್ನ, ನೀರು ತುಂಬಬೇಕು. ಇದನ್ನು ಯಂತ್ರ ಮಾರುವಾಗಲೇ ಹೇಳಬೇಕಾದುದು ಮಾರುವವರ ಕರ್ತವ್ಯ; ಎಷ್ಟೋ ಮನೆಗಳವರು ಎರಡು ಮೂರು ನಳಿಗೆಗಳನ್ನು ಕಳೆದುಕೊಂಡ ಮೇಲೆ ಇದನ್ನು ಕಲಿಯುತ್ತಾರೆ.

ಹಾಗಾದರೆ ಮಾಡಬೇಕಾದುದೇನು? ಮೊದಲು ನಿಮ್ಮ ನೀರಿನ ಗಡಸುತನವನ್ನು ಪರೀಕ್ಷಿಸಿ ತಿಳಿಯಿರಿ. ಗೀಜರಿನ ಉಷ್ಣನಿಯಂತ್ರಕವನ್ನು 60 ಅಂಶ (ಡಿಗ್ರಿ) ಸೆಲ್ಸಿಯಸ್‌ನ ಆಚೆಗೆ ಏರಿಸಬೇಡಿ. ನೀರು ಹೆಚ್ಚು ಕಾದಷ್ಟೂ ಸುಣ್ಣ ಹೆಚ್ಚು ಬೀಳುತ್ತದೆ, ಮತ್ತು ಕುದಿಯುವಷ್ಟು ಕಾಯಿಸಿ ಅದಕ್ಕೆ ತಣ್ಣೀರು ಬೆರೆಸುವುದರಲ್ಲಿ ಅರ್ಥವಿಲ್ಲ. 15 ಲೀಟರು ನೀರನ್ನು 25ರಿಂದ 60 ಅಂಶಕ್ಕೆ ತರಲು 2 ಕಿಲೋವಾಟಿನ ಸ್ವಚ್ಛವಾದ ಕಾಯಿಲ್‌ಗೆ ಹದಿನೆಂಟು ನಿಮಿಷ ಸಾಕು; ನಿಮ್ಮ ಗೀಜರಿಗೆ ಅರ್ಧ ತಾಸು ಬೇಕಾಗುತ್ತಿದ್ದರೆ, ಅದು ಕೆಡುವ ಮೊದಲೇ ತನ್ನ ಕಷ್ಟವನ್ನು ಹೇಳಿಕೊಳ್ಳುತ್ತಿದೆಯೆಂದು ತಿಳಿಯಿರಿ. ಗಡಸು ನೀರಿನ ಊರಿನಲ್ಲಿ ವರ್ಷಕ್ಕೆ ಒಮ್ಮೆಯಾದರೂ ಬಲ್ಲವರಿಂದ ತೊಟ್ಟಿಯನ್ನು ಬಿಚ್ಚಿಸಿ, ಕಾಯಿಲ್ ಮೇಲಿನ ಸುಣ್ಣವನ್ನು ನಿಂಬೆಹುಳಿಯ ಆಮ್ಲದಲ್ಲಿ ಕರಗಿಸಿ ತೊಳೆಸಬೇಕು. ಸಾಮಾನ್ಯವಾಗಿ ತೊಟ್ಟಿಯೊಳಗೆ ಒಂದು ಮೆಗ್ನೀಸಿಯಂ ಕೋಲು ಇರುತ್ತದೆ. ತೊಟ್ಟಿಯ ಲೋಹಕ್ಕೆ ಬರಬೇಕಾದ ಸವೆತವನ್ನು ತಾನು ಹೊತ್ತು ಕರಗುವುದೇ ಅದರ ಕೆಲಸ. ಅದು ಕರಗಿ ಮುಗಿದ ಮೇಲೆ ತೊಟ್ಟಿಯೇ ಕರಗಲಾರಂಭಿಸುತ್ತದೆ. ಬಹುಮಂದಿಗೆ ಆ ಕೋಲು ಇದೆಯೆಂಬುದೇ ತಿಳಿಯದು.

ಜೀವಕ್ಕೆ ಸಂಬಂಧಿಸಿದ ಎರಡು ವಿಷಯಗಳನ್ನು ಒತ್ತಿ ಹೇಳುತ್ತೇನೆ. ಬಿರಿದ ಕಾಯಿಲ್‌ನಿಂದ ವಿದ್ಯುತ್ತು ನೀರಿಗಿಳಿಯಬಹುದು. ಆದುದರಿಂದ ಭೂಸಂಪರ್ಕದ ತಂತಿ ಸರಿಯಾಗಿದೆಯೇ, ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು ಮನೆಯಲ್ಲಿದೆಯೇ ಎಂದು ನೋಡಿಸದೆ ಗೀಜರನ್ನು ಬಳಸಬೇಡಿ. ಒತ್ತಡ ಮೀರಿದಾಗ ತೆರೆದುಕೊಳ್ಳುವ ಕವಾಟವು ಸುಣ್ಣದಿಂದ ಕಟ್ಟಿಹೋದರೆ ತೊಟ್ಟಿಯೇ ಸ್ಫೋಟಗೊಳ್ಳಬಹುದು. ಅದು ತೊಟ್ಟಿಕ್ಕುತ್ತದೆಯೆಂದು ಚಿಂದಿ ಸುತ್ತಿ ಬಿಗಿಯುವುದನ್ನು ನಾನು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನು ರಿಪೇರಿಯ ಲೆಕ್ಕ. ಮಿಸ್ತ್ರಿಗೆ ಕೂಲಿ ಕೊಡುವಾಗ ಏನು ಕೆಟ್ಟಿತ್ತು ಎಂಬುದರ ಜೊತೆಗೆ ಏಕೆ ಕೆಟ್ಟಿತು ಎಂಬುದನ್ನೂ ಕೇಳಿ, ಕಳಚಿದ ಭಾಗವನ್ನು ಕೈಯಲ್ಲಿ ಹಿಡಿದು ನೋಡಿ, ದಿನಾಂಕ, ಭಾಗ, ಹಣ ಮೂರನ್ನೂ ಒಂದು ವಹಿಯಲ್ಲಿ ಬರೆದಿಡಿ, ರಸೀದಿ ಪಡೆಯಿರಿ. ಏಕೆ ಎಂಬುದಕ್ಕೆ ಉತ್ತರ ಕೊಡಬಲ್ಲ ಕುಶಲಿ ನೂರು ರೂಪಾಯಿ ಹೆಚ್ಚು ಕೇಳಿದರೂ ಕೊಡಿ, ಅದು ಉಳಿತಾಯವೇ. ನನ್ನ ಮನೆಗೆ ಬಂದ ಆ ನಾಲ್ಕನೆಯ ಮನುಷ್ಯನ ವಿದ್ಯೆಗೆ ನಮ್ಮ ಸಮಾಜವು ತಕ್ಕ ಬೆಲೆ ಕೊಟ್ಟಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಇಷ್ಟಾದರೂ, ಖಾತರಿಯ ಅವಧಿಯಲ್ಲಿಯೇ ವಸ್ತುವು ಮೇಲಿಂದಮೇಲೆ ಕೆಟ್ಟು, ಮಾರಿದವರು ಕಿವಿಗೊಡದಿದ್ದರೆ, 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು; 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಹೋಗಬಹುದು. ಅಲ್ಲಿ ನಿಮ್ಮ ಪರವಾಗಿ ಮಾತನಾಡುವುದು ಆ ವಹಿಯೂ ಆ ರಸೀದಿಗಳೂ.

ನಿಸರ್ಗವು ನಮಗೆ ಗಡಸಿಲ್ಲದ ನೀರನ್ನೂ ಕೊಡುತ್ತಿದೆ. ಮಳೆಯ ನೀರಿನಲ್ಲಿ ಸುಣ್ಣವಿಲ್ಲ. 60 ಚದರ ಮೀಟರಿನ ಮಾಳಿಗೆಯ ಮೇಲೆ 20 ಮಿಲಿಮೀಟರಿನ ಒಂದು ಮಳೆ ಬಿದ್ದರೆ 1200 ಲೀಟರು ನೀರಾಗುತ್ತದೆ. ಅದರಲ್ಲಿ ಬಹುಭಾಗವನ್ನು ತೊಟ್ಟಿಯಲ್ಲಿ ಹಿಡಿದು, ಕೊಳವೆಬಾವಿಯ ನೀರನ್ನು ಬೇರೆ ಕೆಲಸಕ್ಕೆ ಬಿಟ್ಟು, ಇದನ್ನು ಬಚ್ಚಲಿಗೆ ತಿರುಗಿಸಿದ ಮನೆಯಲ್ಲಿ ಕಾಯಿಲ್ ಸುಡುವುದು ಅಪರೂಪ. ಮಲೆನಾಡಿನ ಸೆರಗಿನಲ್ಲಿದ್ದು ಹೆಚ್ಚು ಮಳೆ ಕಾಣುವ ಕಿತ್ತೂರಿನ ಕಡೆಯವರಿಗಂತೂ ಮಳೆಗಾಲವೆಲ್ಲ ಇದು ಸಾಧ್ಯ.

ನಮ್ಮ ಗೀಜರನ್ನು ಆ ಹಿರಿಯ ಮಿಸ್ತ್ರಿ ತೊಳೆದು ಕೊಟ್ಟಂದಿನಿಂದ, ಪ್ರತಿವರ್ಷ ನೀರು ತುಂಬುವ ಹಬ್ಬಕ್ಕೆ ಮುನ್ನಾದಿನ ಅವನನ್ನೇ ಕರೆಸುತ್ತೇವೆ. ಆತ ತೊಳೆದುಹೋದ ಮೇಲೆ ನನ್ನ ಹೆಂಡತಿ ಹೊಸ ನೀರು ಬಿಟ್ಟು, ಗೀಜರಿನ ಕೊಳವೆಗೆ ಹಿಂಡಲ ಬಳ್ಳಿ ಕಟ್ಟುತ್ತಾಳೆ. ನಾಲ್ಕು ದೀಪಾವಳಿಗಳು ಕಳೆದವು. ಕಾಯಿಲ್ ಅದೇ ಇದೆ. ಬರುವ ತ್ರಯೋದಶಿಗೆ ನಿಮ್ಮ ಮನೆಯಲ್ಲಿಯೂ, ಮುಖ್ಯ ಸ್ವಿಚ್ಚನ್ನು ಆರಿಸಿ, ಬಲ್ಲವನೊಬ್ಬನನ್ನು ಕರೆಸಿ, ಆ ತೊಟ್ಟಿಯನ್ನು ಒಮ್ಮೆ ಬಿಚ್ಚಿಸಿ ನೋಡಿರಿ.